ಇಂಗ್ಲೆಂಡಿನ ಆತಿಥೇಯ ಕುಟುಂಬಗಳಲ್ಲಿ ತಂಗುವ ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರದಿಂದ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳುವುದು ಹೊಸ ಸಂಗತಿಯಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ವಿ.ಕೃ. ಗೋಕಾಕರು 1930ರ ದಶಕದಲ್ಲಿಯೇ ಆಕ್ಸ್‌ಫರ್ಡ್‌ಗೆ ಹೋಗಿದ್ದರು. ಇಂದು ಭಾಷಾ ತರಬೇತಿ, ಶಾಲಾ ಶಿಕ್ಷಣ ಅಥವಾ ಪದವಿಪೂರ್ವ ಹಂತದ ಕೋರ್ಸುಗಳಿಗೆ ತೆರಳುವ ಕಿರಿಯ ವಿದ್ಯಾರ್ಥಿಗಳಿಗೆ ಹಾಸ್ಟೆಲಿನ ಬದಲು ಅಲ್ಲಿನ ಕುಟುಂಬವೊಂದರಲ್ಲಿ ಹಣ ಪಾವತಿಸಿ ತಂಗುವ ವ್ಯವಸ್ಥೆಯೂ ಲಭ್ಯವಿದೆ. ಇಂತಹ ಕುಟುಂಬವನ್ನು ಈ ಪುಟದಲ್ಲಿ 'ಆತಿಥೇಯ ಕುಟುಂಬ' ಎಂದು ಕರೆಯಲಾಗಿದೆ. ಇದು ಬಂಧುಗಳ ಮನೆಯೂ ಅಲ್ಲ, ಲಾಡ್ಜೂ ಅಲ್ಲ. ಈ ವ್ಯತ್ಯಾಸವನ್ನು ಹೊರಡುವ ಮೊದಲೇ ಅರಿಯದಿದ್ದಲ್ಲಿ ವಿದ್ಯಾರ್ಥಿಯು ಹಸಿವು, ಚಳಿ, ಸಂಕೋಚಗಳನ್ನು ಮೌನವಾಗಿ ಸಹಿಸುವ ಸಂಭವವಿರುತ್ತದೆ.

ದಾಖಲೆಗಳು

ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅಪ್ರಾಪ್ತ ವಯಸ್ಕರ ಅರ್ಜಿ ಸಲ್ಲಿಸುವಾಗ ತಂದೆ-ತಾಯಿಯರ ಘೋಷಣೆಯನ್ನು ಅನುಬಂಧ-ಡಿ ನಮೂನೆಯಲ್ಲಿ ಲಗತ್ತಿಸತಕ್ಕದ್ದು. ಅಪ್ರಾಪ್ತರ ಪಾಸ್‌ಪೋರ್ಟ್ 5 ವರ್ಷ ಅಥವಾ 18 ವರ್ಷ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಹದಿನೇಳನೆಯ ವಯಸ್ಸಿನಲ್ಲಿ ಹೊರಟ ವಿದ್ಯಾರ್ಥಿಯ ಪಾಸ್‌ಪೋರ್ಟ್ ಕೋರ್ಸಿನ ನಡುವೆಯೇ ಮುಗಿಯಬಹುದು. 15ರಿಂದ 18 ವರ್ಷದವರು 10 ವರ್ಷಗಳ ಪಾಸ್‌ಪೋರ್ಟ್ ಕೋರಲು ಅವಕಾಶವಿದ್ದು, ಇದನ್ನು ಬಳಸಿಕೊಳ್ಳುವುದು ಸೂಕ್ತ.

ಜನನ ಪ್ರಮಾಣಪತ್ರ, ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮತ್ತು ಪಾಸ್‌ಪೋರ್ಟ್ ಮೂರರಲ್ಲಿಯೂ ಹೆಸರು ಒಂದೇ ರೀತಿ ಇರಬೇಕು. ನಮ್ಮ ಭಾಗದಲ್ಲಿ ತಂದೆಯ ಹೆಸರು ಮತ್ತು ಅಡ್ಡಹೆಸರು ಒಂದೊಂದು ದಾಖಲೆಯಲ್ಲಿ ಒಂದೊಂದು ಕ್ರಮದಲ್ಲಿರುವುದು ಸಾಮಾನ್ಯ. ತಿದ್ದುಪಡಿಗೆ ಸಮಯ ತಗಲುವುದರಿಂದ ಮೊದಲೇ ಪರಿಶೀಲಿಸಿಕೊಳ್ಳಬೇಕು. ಕೇವಲ ಕನ್ನಡದಲ್ಲಿರುವ ಹಳೆಯ ಜನನ ಪ್ರಮಾಣಪತ್ರಕ್ಕೆ ದೃಢೀಕೃತ ಇಂಗ್ಲಿಷ್ ಅನುವಾದ ಅಗತ್ಯ.

ಆರು ತಿಂಗಳಿಗಿಂತ ಹೆಚ್ಚಿನ ಅವಧಿಯ ವೀಸಾಕ್ಕೆ ಮಾನ್ಯತೆ ಪಡೆದ ಚಿಕಿತ್ಸಾಲಯದಿಂದ ಕ್ಷಯರೋಗ ತಪಾಸಣಾ ಪ್ರಮಾಣಪತ್ರ ಪಡೆಯಬೇಕಾಗುತ್ತದೆ. 18 ವರ್ಷ ತುಂಬದವರ ಅರ್ಜಿಯೊಂದಿಗೆ ಪೋಷಕರ ಒಪ್ಪಿಗೆ ಪತ್ರವಿರಬೇಕು. ವೀಸಾ ಅರ್ಜಿಗೆ ಸಮ್ಮತಿ, ಪ್ರಯಾಣ ಮತ್ತು ಅಲ್ಲಿ ಬರಮಾಡಿಕೊಳ್ಳುವವರ ವ್ಯವಸ್ಥೆ, ವಾಸದ ವ್ಯವಸ್ಥೆ - ಇವೆಲ್ಲಕ್ಕೂ ಒಪ್ಪಿಗೆ ಇದೆಯೆಂದು ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸತಕ್ಕದ್ದು.

16 ವರ್ಷದೊಳಗಿನ ಮಗುವು ಹತ್ತಿರದ ಬಂಧುವಲ್ಲದವರ ಮನೆಯಲ್ಲಿ 28 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಇರುವುದಾದರೆ, ಇಂಗ್ಲೆಂಡಿನ ಕಾನೂನಿನಂತೆ ಅದು 'ಖಾಸಗಿ ಪೋಷಣೆ' ಎನಿಸಿಕೊಳ್ಳುತ್ತದೆ. ಆಗ ಅಲ್ಲಿನ ಸ್ಥಳೀಯ ಕೌನ್ಸಿಲ್‌ಗೆ ಮುಂಚಿತವಾಗಿ ತಿಳಿಸುವುದು ಕಡ್ಡಾಯ. ಕೌನ್ಸಿಲ್‌ನ ಸಮಾಜ ಕಾರ್ಯಕರ್ತರು ಮನೆಗೆ ಭೇಟಿ ನೀಡಿ ಮಗುವಿನೊಂದಿಗೆ ಪ್ರತ್ಯೇಕವಾಗಿ ಮಾತನಾಡುತ್ತಾರೆ. ಪೋಷಕರು ಇದರಿಂದ ಗಾಬರಿಗೊಳ್ಳುವ ಕಾರಣವಿಲ್ಲ; ಇದು ಮಗುವಿನ ರಕ್ಷಣೆಗಾಗಿಯೇ ಇರುವ ಕ್ರಮ. ತಿಳಿಸಲು ಹಿಂಜರಿಯುವ ಮನೆಯ ಬಗ್ಗೆ ಎಚ್ಚರ ವಹಿಸುವುದು ಒಳಿತು.

ಹಣಕಾಸು

ವಿದ್ಯಾರ್ಥಿ ವೀಸಾಕ್ಕೆ ಹಣದ ಪುರಾವೆ ಸಲ್ಲಿಸಬೇಕಾದವರ ಖಾತೆಯಲ್ಲಿ ನಿಗದಿತ ಮೊತ್ತವು ಸತತ 28 ದಿನ ಇರಬೇಕು. ಒಂದು ದಿನ ಕಡಿಮೆಯಾದರೂ ಅರ್ಜಿ ತಿರಸ್ಕೃತವಾಗಬಹುದು. ಖಾತೆಯು ವಿದ್ಯಾರ್ಥಿಯದು ಅಥವಾ ತಂದೆ-ತಾಯಿಯರದು, ಇಲ್ಲವೇ ಕಾನೂನುಬದ್ಧ ಪಾಲಕರದು ಆಗಿರತಕ್ಕದ್ದು. ಸೋದರಮಾವನ ಅಥವಾ ಅಜ್ಜನ ಖಾತೆಯಲ್ಲಿ ಎಷ್ಟೇ ಹಣವಿದ್ದರೂ ಅದು ಲೆಕ್ಕಕ್ಕೆ ಬಾರದು. ಅವಿಭಕ್ತ ಕುಟುಂಬದವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಆತಿಥೇಯ ಕುಟುಂಬಕ್ಕೆ ಸಂಬಂಧಿಸಿದ ಹಣವನ್ನು ಸಾಧ್ಯವಾದಷ್ಟೂ ಶಾಲೆ ಅಥವಾ ಕಾಲೇಜಿನ ಮುಖಾಂತರವೇ ಪಾವತಿಸಬೇಕು. ಜಾಹೀರಾತಿನ ಫೋಟೋ ನೋಡಿ ಅಪರಿಚಿತರ ವೈಯಕ್ತಿಕ ಖಾತೆಗೆ ಮುಂಗಡ ಕಳುಹಿಸುವುದು ಅಪಾಯಕರ. ಹಣ ಕಟ್ಟುವ ಮೊದಲು ಈ ಸಂಗತಿಗಳನ್ನು ಬರಹದಲ್ಲಿ ಪಡೆಯತಕ್ಕದ್ದು: ದಿನಕ್ಕೆ ಎಷ್ಟು ಊಟ, ಶನಿವಾರ-ಭಾನುವಾರ ಮಧ್ಯಾಹ್ನದ ಊಟ ಸೇರಿದೆಯೇ, ಬಟ್ಟೆ ಒಗೆಯುವುದಕ್ಕೆ ಪ್ರತ್ಯೇಕ ಶುಲ್ಕವಿದೆಯೇ, ಕೋಣೆ ಒಬ್ಬರಿಗೋ ಇಬ್ಬರಿಗೋ, ರಜೆಯಲ್ಲಿ ಕೋಣೆ ತೆರವು ಮಾಡಬೇಕೇ, ಮನೆ ಬದಲಿಸಲು ಎಷ್ಟು ದಿನದ ನೋಟಿಸ್ ಬೇಕು, ಠೇವಣಿ ಯಾವಾಗ ಮರಳುತ್ತದೆ. ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. 18 ವರ್ಷದೊಳಗಿನವರಾಗಿದ್ದಲ್ಲಿ ಮನೆಯ ವಯಸ್ಕರ ಅಪರಾಧ ದಾಖಲೆ ಪರಿಶೀಲನೆ ನಡೆದಿದೆಯೇ ಎಂದು ಶಾಲೆಯನ್ನು ಕೇಳುವ ಹಕ್ಕು ಪೋಷಕರಿಗಿದೆ. ಹೀಗೆ ಕೇಳುವುದನ್ನು ಅಲ್ಲಿ ಯಾರೂ ಅವಮಾನವೆಂದು ಭಾವಿಸುವುದಿಲ್ಲ.

ಸಾಮಾನು

ಬೀಳ್ಕೊಡುವವರು ತಪ್ಪದೆ ಧಾರವಾಡ ಪೇಡೆಯ ಡಬ್ಬಿ ಕೊಡುತ್ತಾರೆ. ಆದರೆ ಭಾರತದಿಂದ ಹಾಲು ಮತ್ತು ಮಾಂಸದ ಉತ್ಪನ್ನಗಳನ್ನು ಪ್ರಯಾಣಿಕರು ಬ್ರಿಟನ್ನಿಗೆ ಒಯ್ಯುವಂತಿಲ್ಲ. ಪೇಡೆ, ಕುಂದಾ, ತುಪ್ಪ ಎಲ್ಲವೂ ಇದರಲ್ಲಿ ಸೇರುತ್ತವೆ. ಹಸಿ ಕರಿಬೇವು, ಹಣ್ಣುಗಳನ್ನೂ ಇಡಬಾರದು. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಗಳನ್ನು ಗಟ್ಟಿಯಾಗಿ ಕಟ್ಟಿ, ಹೆಸರು ಬರೆದು ಒಯ್ಯಬಹುದು. ಆತಿಥೇಯರಿಗೆ ಕಾಣಿಕೆಯಾಗಿ ಕಸೂತಿ ಹಾಕಿದ ಸಣ್ಣ ವಸ್ತ್ರವೊಂದು ಹಗುರವೂ ಹೌದು, ನಮ್ಮ ಜಿಲ್ಲೆಯ ಗುರುತೂ ಹೌದು. ನಮ್ಮ ಪ್ಲಗ್ಗುಗಳು ಅಲ್ಲಿನ ಸಾಕೆಟ್ಟಿಗೆ ಹೊಂದುವುದಿಲ್ಲವಾದ್ದರಿಂದ ಅಡಾಪ್ಟರ್ ಅಗತ್ಯ.

ಮನೆಯೊಳಗಿನ ರೀತಿ-ನೀತಿ

ಮೊದಲ ವಾರದಲ್ಲಿ ತಪ್ಪು ತಿಳಿವಳಿಕೆ ಉಂಟಾಗುವುದು ಹೆಚ್ಚಾಗಿ ಊಟದ ವಿಷಯದಲ್ಲಿ. ನಮ್ಮಲ್ಲಿ ಬಡಿಸಲು ಬಂದಾಗ ಮೊದಲು 'ಬ್ಯಾಡ್ರಿ, ಸಾಕ್ರಿ' ಎನ್ನುವುದು ಮರ್ಯಾದೆ. ಬಡಿಸುವವರು ಎರಡು-ಮೂರು ಬಾರಿ ಉಪಚಾರ ಮಾಡುತ್ತಾರೆ. ಇಂಗ್ಲಿಷ್ ಮನೆಯಲ್ಲಿ ಸಾಮಾನ್ಯವಾಗಿ ಒಮ್ಮೆ ಕೇಳುತ್ತಾರೆ. ಬೇಡವೆಂದರೆ ಬೇಡವೆಂದೇ ತಿಳಿದು ಪಾತ್ರೆ ಎತ್ತಿಡುತ್ತಾರೆ. ಇದು ಅನಾದರವಲ್ಲ, ಅತಿಥಿಯ ಮಾತಿಗೆ ಕೊಡುವ ಗೌರವ. ಆದ್ದರಿಂದ ಹಸಿವಿದ್ದಲ್ಲಿ ಮೊದಲ ಬಾರಿಗೇ ಹೌದು ಎನ್ನಬೇಕು. ರಾತ್ರಿಯ ಊಟ ಅನೇಕ ಮನೆಗಳಲ್ಲಿ ಸಂಜೆ 6-7 ಗಂಟೆಗೇ ಮುಗಿಯುತ್ತದೆ. ಬರುವುದು ತಡವಾದರೆ ಮೊದಲೇ ಸಂದೇಶ ಕಳುಹಿಸಬೇಕು.

'ಸಸ್ಯಾಹಾರಿ' ಎಂದಷ್ಟೇ ಹೇಳಿದರೆ ಸಾಲದು. ಮೀನು, ಮೊಟ್ಟೆ, ಕೋಳಿಯ ಸಾರು, ಜೆಲಟಿನ್ ಇವುಗಳಲ್ಲಿ ಯಾವುದು ವರ್ಜ್ಯವೆಂದು ಹೊರಡುವ ಮೊದಲೇ ಪಟ್ಟಿ ಬರೆದು ಕಳುಹಿಸತಕ್ಕದ್ದು. ಈರುಳ್ಳಿ-ಬೆಳ್ಳುಳ್ಳಿ ಸೇವಿಸದವರು ಅದನ್ನೂ ತಿಳಿಸಬೇಕು, ಏಕೆಂದರೆ ಅಲ್ಲಿ ಅದನ್ನು ಊಹಿಸುವವರಿಲ್ಲ.

ಸ್ನಾನಗೃಹದ ನೆಲದಲ್ಲಿ ನಮ್ಮ ಬಚ್ಚಲಿನಂತೆ ನೀರು ಹೋಗುವ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಮೇಲಂತಸ್ತಿನ ನೆಲ ಮರದ್ದಾಗಿರುವುದೂ ಉಂಟು. ಹೊರಗೆ ನೀರು ಚೆಲ್ಲಿದರೆ ಅದು ಕೆಳಗಿನ ಕೋಣೆಯ ಚಾವಣಿಗೆ ಇಳಿಯುತ್ತದೆ. ಟಬ್ಬಿನೊಳಗೇ ನಿಂತು, ಪರದೆಯ ತುದಿಯನ್ನು ಒಳಗಿರಿಸಿ ಸ್ನಾನ ಮಾಡಬೇಕು. ಬಿಸಿನೀರಿನ ಸಮಯ ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು. ಒಗ್ಗರಣೆ, ಊದಿನಕಡ್ಡಿ, ದೀಪ - ಯಾವುದಕ್ಕೂ ಮುನ್ನ ಅನುಮತಿ ಪಡೆಯಬೇಕು. ಹೊಗೆಗೆ ಅಲಾರಾಂ ಬಡಿದುಕೊಳ್ಳುತ್ತದೆ. ತಲೆಗೆ ಎಣ್ಣೆ ಹಚ್ಚುವವರು ದಿಂಬಿನ ಮೇಲೆ ತಮ್ಮದೇ ಟವಲ್ ಹಾಸಿಕೊಳ್ಳಲಿ.

ಹಿರಿಯರನ್ನು ಹೆಸರಿಡಿದು ಕರೆಯಲು ನಮ್ಮ ಮಕ್ಕಳಿಗೆ ನಾಲಿಗೆ ಏಳುವುದಿಲ್ಲ. ಅವರೇ ಹಾಗೆ ಕರೆಯಲು ಹೇಳಿದಲ್ಲಿ ಕರೆಯುವುದು ಅಗೌರವವಲ್ಲ. ಮನೆಯವರಿಗೆ ನಾವು ಧನ್ಯವಾದ ಹೇಳುವ ರೂಢಿ ಕಡಿಮೆ. ಅಲ್ಲಿ ಒಂದು ಲೋಟ ನೀರಿಗೂ ಹೇಳಬೇಕು.

ತೊಂದರೆಯಾದಲ್ಲಿ

ಕೋಣೆ ತಣ್ಣಗಿರುವುದು, ಊಟ ಸಾಲದಿರುವುದು ಇವುಗಳನ್ನು ಮೊದಲು ಆತಿಥೇಯರಿಗೇ ನೇರವಾಗಿ, ಸೌಜನ್ಯದಿಂದ ತಿಳಿಸಬೇಕು. ಸರಿಯಾಗದಿದ್ದರೆ ಶಾಲೆಯ ವಸತಿ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಮನೆ ಬದಲಿಸಿಕೊಡುವಂತೆ ಕೇಳುವುದು ಅಪರಾಧವಲ್ಲ. ತಂದೆ-ತಾಯಿ ಸಾಲ ಮಾಡಿ ಕಳುಹಿಸಿದ್ದಾರೆಂಬ ಕಾರಣಕ್ಕೆ ಮಕ್ಕಳು ಕಷ್ಟವನ್ನು ಮುಚ್ಚಿಡುವ ಸಂಭವವಿದೆ. ಆದ್ದರಿಂದ 'ಏನೇ ಇದ್ದರೂ ಹೇಳು, ಹಣದ ಚಿಂತೆ ನಮ್ಮದು' ಎಂದು ಪೋಷಕರು ಹೊರಡುವ ಮುನ್ನವೇ ಬಾಯಿಬಿಟ್ಟು ಹೇಳಿರಬೇಕು. ಆತಿಥೇಯರ ಮುಂದೆ ಮಾತನಾಡಲಾಗದಿದ್ದಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಪಾಸ್‌ಪೋರ್ಟನ್ನು ಆತಿಥೇಯರ ವಶಕ್ಕೆ ಒಪ್ಪಿಸಬಾರದು. ಯಾರಾದರೂ ಅನುಚಿತವಾಗಿ ವರ್ತಿಸಿದಲ್ಲಿ ಅಥವಾ ಬೆದರಿಸಿದಲ್ಲಿ ಸೌಜನ್ಯದ ಪ್ರಶ್ನೆಯೇ ಇಲ್ಲ. ಮನೆಯಿಂದ ಹೊರಬಂದು 999ಕ್ಕೆ ಕರೆ ಮಾಡತಕ್ಕದ್ದು. ತುರ್ತಲ್ಲದ ಪೊಲೀಸ್ ನೆರವಿಗೆ 101, ವೈದ್ಯಕೀಯ ಸಲಹೆಗೆ 111, ಮಕ್ಕಳ ಉಚಿತ ಸಹಾಯವಾಣಿಗೆ 0800 1111. ಶಾಲೆಯ ತುರ್ತು ಸಂಖ್ಯೆಯನ್ನು ಮೊಬೈಲ್ ಜೊತೆಗೆ ಕಾಗದದ ಮೇಲೂ ಬರೆದಿಟ್ಟುಕೊಳ್ಳಬೇಕು. ಲಂಡನ್ನಿನ ಭಾರತೀಯ ಹೈಕಮಿಷನ್ ಹಾಗೂ ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್ ಮೂಲಕ ಪೋಷಕರು ಇಲ್ಲಿಂದಲೇ ದೂರು ಸಲ್ಲಿಸಬಹುದು.

ಬ್ರಿಟನ್ನಿನ ಸಮಯವು ನಮಗಿಂತ ಚಳಿಗಾಲದಲ್ಲಿ ಐದೂವರೆ ಗಂಟೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ನಾಲ್ಕೂವರೆ ಗಂಟೆ ಹಿಂದಿರುತ್ತದೆ. ಬೆಳಿಗ್ಗೆ ಪೂಜೆ ಮುಗಿಸಿ ಏಳು ಗಂಟೆಗೆ ಇಲ್ಲಿಂದ ಕರೆ ಮಾಡಿದರೆ ಅಲ್ಲಿ ನಡುರಾತ್ರಿ, ಮನೆಯವರೆಲ್ಲ ಎಚ್ಚರಗೊಳ್ಳುತ್ತಾರೆ. ನಮ್ಮ ರಾತ್ರಿ ಒಂಬತ್ತೂವರೆ ಗಂಟೆಯು ಇಬ್ಬರಿಗೂ ಅನುಕೂಲಕರ.