ಶಕ್ತಿ ಗುಳಿಗೆ ಯಾರಿಗೆ ಬೇಕು, ಎಷ್ಟು ಬೇಕು? ವಯಸ್ಸು ಮತ್ತು ಹೆಣ್ಣು-ಗಂಡಿನ ಲೆಕ್ಕದಲ್ಲಿ ಒಂದು ಕೈಪಿಡಿ

ಸುಸ್ತು, ಮೈ-ಕೈ ನೋವು, ಕಾಲು ಜುಮ್ಮೆನ್ನೋದು, ಕೂದಲು ಉದುರೋದು. ನಮ್ಮ ದಢೇಸುಗೂರು ಸುತ್ತಿನ ಯಾವ ಹಳ್ಳಿಯ ಕಟ್ಟೆ ಮೇಲೆ ಕೂತರೂ ಕಿವಿಗೆ ಬೀಳುವ ದೂರುಗಳಿವು. ಇವಕ್ಕೆ ಸಿಗುವ ಉತ್ತರವೂ ಒಂದೇ: "ಸಿಂಧನೂರಿಗೆ ಹೋದಾಗ ಒಂದು ಶಕ್ತಿ ಗುಳಿಗಿ ತಗೊಂಡು ಬರ್ರಿ." ಯಾವ ಗುಳಿಗೆ, ಯಾರಿಗೆ, ಎಷ್ಟು ದಿನ ಅಂತ ಯಾರೂ ಕೇಳೋದಿಲ್ಲ. ಗಂಡನಿಗೆ ತಂದದ್ದನ್ನೇ ಹೆಂಡತಿ ನುಂಗುತ್ತಾಳೆ, ಅತ್ತೆಗೆ ಬರೆದುಕೊಟ್ಟದ್ದನ್ನು ಸೊಸೆ ಮುಗಿಸುತ್ತಾಳೆ. ಇದರ ನಡುವೆ ಸಾವಿರಗಟ್ಟಲೆ ರೂಪಾಯಿಯ ಪ್ರೋಟೀನ್ ಡಬ್ಬಿ ಹಿಡಿದು ಮನೆಬಾಗಿಲಿಗೆ ಬರುವ ಮಾರಾಟಗಾರರು ಬೇರೆ. ಅತ್ತ, ಸರ್ಕಾರ ಪುಕ್ಕಟೆ ಕೊಡುವ ಕೆಂಪು ಗುಳಿಗೆ ಎಷ್ಟೋ ಮನೆಗಳಲ್ಲಿ ಗೂಡಿನಲ್ಲೇ ಉಳಿಯುತ್ತದೆ.

ಬೇಕಾದವರು ನುಂಗುತ್ತಿಲ್ಲ, ಬ್ಯಾಡಾದವರು ದುಡ್ಡು ಸುರಿದು ನುಂಗುತ್ತಿದ್ದಾರೆ. ನಾನು ಈ ಲೇಖನ ಬರೆಯಲು ಕಾರಣ ಇಷ್ಟೇ. ಇದು ವೈದ್ಯರ ಚೀಟಿಗೆ ಬದಲಿ ಅಲ್ಲ. ಚೀಟಿ ಕೇಳುವ ಮೊದಲು ಗೊತ್ತಿರಬೇಕಾದ ಲೆಕ್ಕ.

ಮೊದಲು ತಟ್ಟೆಯ ಲೆಕ್ಕ

ತುಂಗಭದ್ರಾ ಅಣೆಕಟ್ಟೆಗೆ 1953ರಲ್ಲಿ ನೀರು ನಿಂತಿತು. ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಜೋಳದ ಹೊಲ ಭತ್ತದ ಗದ್ದೆಯಾಯಿತು. ಇವತ್ತು ದಢೇಸುಗೂರಿನ ಹೆಸರು ಹೊರಗಿನವರಿಗೆ ತಿಳಿದಿರುವುದು ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದಿಂದ. ಭತ್ತ ಸಾಲವನ್ನೂ ತಂದಿತು, ದುಡ್ಡನ್ನೂ ತಂದಿತು. ಜೊತೆಗೆ ತಟ್ಟೆಯನ್ನೂ ಬದಲಿಸಿತು. ಎರಡು ಹೊತ್ತು ರೊಟ್ಟಿ ತಿನ್ನುತ್ತಿದ್ದ ಮನೆಗಳಲ್ಲಿ ಈಗ ಎರಡು ಹೊತ್ತು ಅನ್ನ.

100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಸಜ್ಜೆಯಲ್ಲಿ 6ರ ಮೇಲೆ. ರಾಗಿಯಲ್ಲಿ ಕಬ್ಬಿಣದ ಜೊತೆ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶವೂ ಇದೆ. ರೊಟ್ಟಿ, ಹೆಸರುಕಾಳು, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಪುಂಡಿಪಲ್ಯ ಇದ್ದ ಊಟ ಹೋಗಿ ಅನ್ನ-ತಿಳಿಸಾರು ಬಂದರೆ, ಆ ಖಾಲಿ ಜಾಗವನ್ನು ಗುಳಿಗೆಯಿಂದ ಪೂರ್ತಿ ತುಂಬಲು ಆಗೋದಿಲ್ಲ. ಗುಳಿಗೆ ಒಂದೆರಡು ಪೋಷಕಾಂಶ ಕೊಡುತ್ತದೆ, ಊಟ ಹತ್ತಾರು ಕೊಡುತ್ತದೆ.

ರೇಷನ್ ಅಕ್ಕಿಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. 2021ರ ಆಗಸ್ಟ್ 15ರ ಘೋಷಣೆಯ ನಂತರ ಪಡಿತರಕ್ಕೆ ಬಂದ ಸಾರವರ್ಧಿತ ಅಕ್ಕಿಯಲ್ಲಿ ನೂರು ಪಾಲಿಗೆ ಒಂದು ಪಾಲು ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ತಯಾರಿಸಿದ ಕಾಳು ಬೆರೆಸುತ್ತಾರೆ. ಅದನ್ನೇ ಜನ "ಪ್ಲಾಸ್ಟಿಕ್ ಅಕ್ಕಿ" ಅಂತ ಆರಿಸಿ ಎಸೆದದ್ದುಂಟು. ಅದು ಪ್ಲಾಸ್ಟಿಕ್ ಅಲ್ಲ, ಅಕ್ಕಿಹಿಟ್ಟಿನಿಂದಲೇ ಮಾಡಿದ ಕಾಳು. ನಿಯಮದ ಪ್ರಕಾರ ಇಂಥ ಒಂದು ಕೆಜಿ ಅಕ್ಕಿಯಲ್ಲಿ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು. ದಿನಕ್ಕೆ 150 ಗ್ರಾಂ ಉಂಡರೆ 4ರಿಂದ 6 ಮಿಲಿಗ್ರಾಂ. ಉಪಯೋಗ ಇದೆ, ಆದರೆ ಅದೊಂದೇ ಸಾಲದು.

18ರಿಂದ 49ರ ಹೆಂಗಸರು: ಕಬ್ಬಿಣವೇ ಮೊದಲ ಪ್ರಶ್ನೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕು, ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29 ಬೇಕು. ನಮ್ಮ ಮನೆಗಳಲ್ಲಿ ಕೊನೆಗೆ ಉಳಿದದ್ದನ್ನು ಉಣ್ಣುವವಳೇ ಆಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49ರ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಗಂಡಸರಲ್ಲಿ ಶೇ 19.6. ಈ ಅಂತರಕ್ಕೆ ಮುಟ್ಟು, ಹೆರಿಗೆಯಷ್ಟೇ ಕಾರಣ ಅಂತ ನಾನು ನಂಬೋದಿಲ್ಲ. ತಟ್ಟೆಯಲ್ಲಿರುವ ಅಂತರವೂ ಕಾರಣ.

2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಯಾರಿಗೆ ಎಷ್ಟು ಅನ್ನೋದು ಸ್ಪಷ್ಟವಾಗಿದೆ.

10ರಿಂದ 19 ವರ್ಷ: ವಾರಕ್ಕೊಂದು ನೀಲಿ ಗುಳಿಗೆ. 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ.

20ರಿಂದ 49ರ ಹೆಂಗಸರು (ಗರ್ಭಿಣಿ, ಬಾಣಂತಿ ಅಲ್ಲದವರು): ಅಷ್ಟೇ ಪ್ರಮಾಣದ ಕೆಂಪು ಗುಳಿಗೆ, ವಾರಕ್ಕೊಂದು.

ಮಗು ಬೇಕೆಂದಿರುವವರು ಮತ್ತು ಮೊದಲ ಮೂರು ತಿಂಗಳ ಗರ್ಭಿಣಿಯರು: ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಎಷ್ಟೋ ಸಲ ಬಸುರಿ ಅಂತ ಗೊತ್ತಾಗುವ ಮೊದಲೇ. ಹಾಗಾಗಿ ಇದನ್ನು ಮುಂಚೆಯೇ ಶುರು ಮಾಡಬೇಕು.

ನಾಲ್ಕನೇ ತಿಂಗಳಿಂದ: ದಿನಕ್ಕೊಂದು ಕೆಂಪು ಗುಳಿಗೆ, 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಜೊತೆಗೆ 500 ಮಿಲಿಗ್ರಾಂ ಸುಣ್ಣದಂಶದ ಗುಳಿಗೆ ದಿನಕ್ಕೆ ಎರಡು.

ಇದೆಲ್ಲ ಆಶಾ ಕಾರ್ಯಕರ್ತೆಯರ ಹತ್ತಿರ, ಉಪಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗಬೇಕಾದದ್ದು. ಸಿಗದಿದ್ದರೆ ಕೇಳಿ, ಅದು ನಿಮ್ಮ ಹಕ್ಕು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ (ಗರ್ಭಿಣಿಗೆ 11ಕ್ಕಿಂತ) ಕಡಿಮೆ ಬಂದರೆ ಮೇಲಿನ ಪ್ರಮಾಣ ಸಾಲದು. ಚಿಕಿತ್ಸೆಯ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು.

"ಕೆಂಪು ಗುಳಿಗಿ ತಗೊಂಡ್ರ ಹೊಟ್ಟಿ ಕೆಡತೈತ್ರಿ" ಅನ್ನೋ ಮಾತು ಸುಳ್ಳಲ್ಲ. ಮಲ ಕಪ್ಪಾಗುತ್ತದೆ, ಕೆಲವರಿಗೆ ಮಲಬದ್ಧತೆ, ವಾಕರಿಕೆ ಬರುತ್ತದೆ. ಮಲ ಕಪ್ಪಾಗೋದಕ್ಕೆ ಹೆದರಬೇಕಿಲ್ಲ. ವಾಕರಿಕೆ ಇದ್ದರೆ ರಾತ್ರಿ ಊಟವಾದ ಮೇಲೆ ನುಂಗಿ. ಲಿಂಬೆಹಣ್ಣಿನ ರಸದ ಜೊತೆ ಮೈಗೆ ಚೆನ್ನಾಗಿ ಹತ್ತುತ್ತದೆ. ಚಹಾ, ಹಾಲು, ಸುಣ್ಣದಂಶದ ಗುಳಿಗೆಯ ಜೊತೆ ಬ್ಯಾಡ. ನಡುವೆ ಎರಡು ತಾಸಾದರೂ ಬಿಡಿ.

ಇನ್ನೊಂದು ಮಾತು. ಬರಿಗಾಲಲ್ಲಿ ಕೆಸರಿಗಿಳಿದು ನಾಟಿ ಹಚ್ಚುವವರಿಗೆ ಕೊಕ್ಕೆಹುಳುವಿನ ಕಾಟ ಇರಬಹುದು. ಮಣ್ಣಿನಲ್ಲಿರುವ ಮರಿಹುಳು ಅಂಗಾಲಿನ ಚರ್ಮ ಕೊರೆದು ಒಳಗೆ ಹೋಗಿ ಕರುಳಿನಲ್ಲಿ ರಕ್ತ ಹೀರುತ್ತದೆ. ಹುಳುವಿನ ಗುಳಿಗೆ ತಗೊಳ್ಳದೆ ಕಬ್ಬಿಣವೊಂದನ್ನೇ ನುಂಗೋದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಗರ್ಭಿಣಿಯರು ಮಾತ್ರ ಇದನ್ನು ಮೊದಲ ಮೂರು ತಿಂಗಳು ಕಳೆದ ಮೇಲೆ, ವೈದ್ಯರನ್ನು ಕೇಳಿಯೇ ತಗೋಬೇಕು.

18ರಿಂದ 49ರ ಗಂಡಸರು: ಬಹುತೇಕರಿಗೆ ಏನೂ ಬೇಡ

ಜೋಳ, ಬೇಳೆ, ಹಾಲು-ಮೊಸರು, ತತ್ತಿ ಉಣ್ಣುವ ಆರೋಗ್ಯವಂತ ಗಂಡಸಿಗೆ ದಿನನಿತ್ಯದ ಗುಳಿಗೆಯ ಅಗತ್ಯವಿಲ್ಲ. ಅದರಲ್ಲೂ ಕಬ್ಬಿಣವನ್ನು ರಕ್ತ ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ನುಂಗಬಾರದು. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ದಾರಿ ಮೈಗೆ ಇಲ್ಲ. ಗಂಡಸಿನ ಹಿಮೋಗ್ಲೋಬಿನ್ 13ಕ್ಕಿಂತ ಕಡಿಮೆ ಬಂತೆಂದರೆ ರಕ್ತ ಎಲ್ಲಿ ಹೋಗುತ್ತಿದೆ ಅಂತ ಹುಡುಕಬೇಕು: ಮೂಲವ್ಯಾಧಿಯೋ, ಹೊಟ್ಟೆಹುಣ್ಣೋ, ಹುಳುವೋ.

ಜಿಮ್ಮಿಗೆ ಹೋಗುವ ಹುಡುಗರ ಪ್ರೋಟೀನ್ ಪುಡಿಯ ಲೆಕ್ಕವೂ ಸುಲಭ. ಸಾಮಾನ್ಯ ವಯಸ್ಕನಿಗೆ ಮೈತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆಜಿಯವನಿಗೆ ದಿನಕ್ಕೆ 50 ಗ್ರಾಂ. ಕಸರತ್ತು ಮಾಡುವವನಿಗೆ ಇನ್ನಷ್ಟು. ಒಂದು ತತ್ತಿಯಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7, ಒಂದು ಲೋಟ ಹಾಲಿನಲ್ಲಿ 6-7. ಡಬ್ಬಿಯ ರೊಕ್ಕಕ್ಕೆ ಎಷ್ಟು ತತ್ತಿ ಬರುತ್ತವೆ ಅಂತ ನೀವೇ ಲೆಕ್ಕ ಹಾಕಿ. ಮೂತ್ರಪಿಂಡದ ತೊಂದರೆ ಇದ್ದವರಂತೂ ವೈದ್ಯರನ್ನು ಕೇಳದೆ ಡಬ್ಬಿ ಮುಟ್ಟಬಾರದು.

ಬೀಡಿ-ಸಿಗರೇಟು ಸೇದುವವರು "ಇರ್ಲಿ, ಶ್ವಾಸಕೋಶಕ್ಕ ಒಳ್ಳೇದು" ಅಂತ ಬೀಟಾ ಕ್ಯಾರೊಟಿನ್ ಗುಳಿಗೆ ತಗೊಳ್ಳೋದು ಅಪಾಯ. 1994ರಲ್ಲಿ ಪ್ರಕಟವಾದ ಫಿನ್ಲೆಂಡಿನ ದೊಡ್ಡ ಅಧ್ಯಯನದಲ್ಲಿ ಅದನ್ನು ನುಂಗಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು.

50 ದಾಟಿದ ಹೆಂಗಸರು: ಕಬ್ಬಿಣದಿಂದ ಸುಣ್ಣದಂಶಕ್ಕೆ

ಮುಟ್ಟು ನಿಂತ ಮೇಲೆ ಕಬ್ಬಿಣದ ಬೇಡಿಕೆ ಇಳಿಯುತ್ತದೆ, ಎಲುಬು ಸವೆಯುವುದು ಹೆಚ್ಚುತ್ತದೆ. ಸುಣ್ಣದಂಶ ದಿನಕ್ಕೆ 1,200 ಮಿಲಿಗ್ರಾಂ ಬೇಕು. ಉಳಿದ ವಯಸ್ಕರಿಗೆ 1,000. ಇದು ಊಟ-ಗುಳಿಗೆ ಎರಡೂ ಸೇರಿದ ಲೆಕ್ಕ. ಎರಡು ಲೋಟ ಹಾಲು-ಮಜ್ಜಿಗೆ, ಒಂದು ರಾಗಿ ಮುದ್ದೆ, ಒಂದು ಚಮಚ ಎಳ್ಳಿನ ಪುಡಿ ಇದ್ದರೆ ಬಹುಪಾಲು ಬಂದೇಬಿಟ್ಟಿತು. ಕಡಿಮೆ ಬಿದ್ದಷ್ಟನ್ನೇ ಗುಳಿಗೆಯಿಂದ ತುಂಬಿ, ಸಾಮಾನ್ಯವಾಗಿ 500 ಮಿಲಿಗ್ರಾಂನ ಒಂದು ಸಾಕಾಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ ನುಂಗಿ. ಹರಳಿನ ತೊಂದರೆ ಇದ್ದವರು ಕೇಳದೆ ತಗೊಳ್ಳಬೇಡಿ.

ನಮ್ಮ ಜಿಲ್ಲೆಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. ರಾಯಚೂರು ಜಿಲ್ಲೆಯ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಕೀಲು-ಬೆನ್ನು ಹಿಡಿಯುತ್ತದೆ. ಆ ನೋವಿಗೆ "ಸುಣ್ಣದ ಗುಳಿಗಿ" ಅಂತ ಜೀವನಪೂರ್ತಿ ನುಂಗಿದರೂ ನೋವು ಹೋಗೋದಿಲ್ಲ, ಬದಲಿಸಬೇಕಾದ್ದು ನೀರು. ಕಾಲು ನೋವು ಅನ್ನುವ ಮನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: ನೀವು ಕುಡಿಯೋದು ಯಾವ ನೀರು?

60 ದಾಟಿದ ಗಂಡಸರು, ಹೆಂಗಸರು: ಬಿ12 ಮತ್ತು ಡಿ

ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ ಊಟದ ಬಿ12 ಮೈಗೆ ಹತ್ತೋದು ಕುಗ್ಗುತ್ತದೆ. ದಿನದ ಅಗತ್ಯ ಬರೀ 2ರಿಂದ 2.5 ಮೈಕ್ರೊಗ್ರಾಂ. ಆದರೂ ಕೊರತೆ ಬಂದರೆ ಅಂಗಾಲು ಉರಿ, ಜುಮ್ಮು, ಮರೆವು, ನಡಿಗೆ ತಪ್ಪೋದು ಶುರುವಾಗುತ್ತದೆ. ಬಿ12 ಇರೋದು ಹಾಲು, ತತ್ತಿ, ಮೀನು, ಮಾಂಸದಲ್ಲಿ, ಕಾಳು-ಪಲ್ಯದಲ್ಲಿ ಇಲ್ಲ. ಮೂರು ಬಗೆಯವರು ಇದನ್ನು ಪರೀಕ್ಷೆ ಮಾಡಿಸಿಕೊಳ್ಳಬೇಕು: ಹಾಲೂ ಕಡಿಮೆ ಇರುವ ಸಸ್ಯಾಹಾರಿಗಳು, ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು, ದಿನಾ ಆಸಿಡಿಟಿ ಗುಳಿಗೆ ತಗೊಳ್ಳುವವರು. ಬಿ12 ಕೊರತೆ ಇದ್ದಾಗ ಫೋಲಿಕ್ ಆಮ್ಲವೊಂದನ್ನೇ ಕೊಟ್ಟರೆ ರಕ್ತದ ವರದಿ ಸುಧಾರಿಸಿದಂತೆ ಕಂಡು, ನರದ ಹಾನಿ ಒಳಗೊಳಗೇ ಮುಂದುವರಿಯಬಹುದು.

ವಿಟಮಿನ್ ಡಿ ಲೆಕ್ಕ ಇನ್ನೂ ಎಚ್ಚರಿಕೆಯದು. ವಯಸ್ಕರಿಗೆ ದಿನಕ್ಕೆ 600 ಐಯು, 60 ದಾಟಿದವರಿಗೆ 800 ಸಾಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಪುಟ್ಟ ಪೊಟ್ಟಣದಲ್ಲಿ ಇರೋದು 60,000. ಅಂದರೆ ನೂರು ದಿನದ ಅಗತ್ಯ ಒಂದೇ ಪೊಟ್ಟಣದಲ್ಲಿ! ಕೊರತೆ ಇದ್ದವರಿಗೆ ವೈದ್ಯರು ವಾರಕ್ಕೊಂದರಂತೆ ಕೆಲವು ವಾರ ಕೊಡುತ್ತಾರೆ. ಅದನ್ನು ದಿನಾ ನುಂಗಿದರೆ ರಕ್ತದಲ್ಲಿ ಸುಣ್ಣದಂಶ ಏರಿ ವಾಂತಿ, ಗೊಂದಲ, ಮೂತ್ರಪಿಂಡಕ್ಕೆ ಪೆಟ್ಟು. ಬಿಸಿಲಲ್ಲಿ ದುಡಿಯುವವರಿಗೆ ಕೊರತೆಯ ಸಾಧ್ಯತೆ ಕಡಿಮೆ. ಹಾಸಿಗೆ ಹಿಡಿದವರಿಗೆ, ಮನೆ ಬಿಟ್ಟು ಹೊರಬರದ ಹಿರಿಯರಿಗೆ ಹೆಚ್ಚು.

ಕೊಳ್ಳುವ ಮುನ್ನ ನೋಡಬೇಕಾದ್ದು

ಡಬ್ಬಿಯ ಹಿಂಭಾಗ ಓದಿ. 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇದೆಯೇ? ಪೂರಕ ಆಹಾರದ ಮೇಲೆ "ಔಷಧವಾಗಿ ಬಳಸಲು ಅಲ್ಲ" ಎಂಬ ಸಾಲು ಇರಲೇಬೇಕು. ಅದೇ ಡಬ್ಬಿಯನ್ನು ಸಕ್ಕರೆ ಕಾಯಿಲೆ, ಬಿಪಿ ಗುಣ ಮಾಡುತ್ತೆ ಅಂತ ಮಾರುವವರು ಡಬ್ಬಿಯ ಮೇಲಿನ ಮಾತಿಗೇ ವಿರುದ್ಧ ಮಾತಾಡುತ್ತಿದ್ದಾರೆ.

ಉಪ್ಪಿನ ತೂಕ ಬೇರೆ, ಕಬ್ಬಿಣದ ತೂಕ ಬೇರೆ. 100 ಮಿಲಿಗ್ರಾಂ ಫೆರಸ್ ಫ್ಯೂಮರೇಟಿನಲ್ಲಿ ಇರುವ ಕಬ್ಬಿಣ ಸುಮಾರು 33 ಮಿಲಿಗ್ರಾಂ. 1,250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಸುಣ್ಣದಂಶ 500.

ಬೇರೆ ಔಷಧಿ ಇದ್ದರೆ ಹೇಳಿ. ಥೈರಾಯ್ಡ್ ಗುಳಿಗೆಗೂ ಕಬ್ಬಿಣ-ಸುಣ್ಣದಂಶಕ್ಕೂ ನಾಲ್ಕು ತಾಸಿನ ಅಂತರ ಬೇಕು. ಗರ್ಭಿಣಿಯರು ಹೆಚ್ಚು ಪ್ರಮಾಣದ ವಿಟಮಿನ್ ಎ ಮುಟ್ಟಬಾರದು. ಕುಡಗೋಲು ಕಣರೋಗ ಅಥವಾ ಥಲಸ್ಸೇಮಿಯಾ ಇರುವವರಿಗೆ ಕಬ್ಬಿಣ ವೈದ್ಯರ ಮಾತಿನ ಮೇಲೆ ಮಾತ್ರ. ಕಬ್ಬಿಣದ ಗುಳಿಗೆ ಮಕ್ಕಳ ಕೈಗೆ ಸಿಗದಂತೆ ಇಡಿ. ಪೆಪ್ಪರ್‌ಮಿಂಟು ಅಂತ ನಾಲ್ಕಾರು ನುಂಗಿದರೆ ಜೀವಕ್ಕೇ ಅಪಾಯ.

ಬೆಲೆ ಜಾಸ್ತಿ ಇದ್ದರೆ ಗುಣ ಜಾಸ್ತಿ ಅಂತಲ್ಲ. ಜನೌಷಧಿ ಕೇಂದ್ರದಲ್ಲಿ ಅದೇ ಕಬ್ಬಿಣ, ಅದೇ ಸುಣ್ಣದಂಶ ಕಡಿಮೆ ರೊಕ್ಕಕ್ಕೆ ಸಿಗುತ್ತದೆ.

ಗುಳಿಗೆ ಆಯ್ಕೆ ಅಂದರೆ ಬ್ರ್ಯಾಂಡ್ ಆಯ್ಕೆ ಅಲ್ಲ. ನನ್ನ ವಯಸ್ಸೆಷ್ಟು, ನಾನು ಹೆಣ್ಣೋ ಗಂಡೋ, ಏನು ಉಣ್ಣುತ್ತೇನೆ, ಯಾವ ನೀರು ಕುಡಿಯುತ್ತೇನೆ, ಈಗಾಗಲೇ ಯಾವ ಔಷಧಿ ನುಂಗುತ್ತಿದ್ದೇನೆ ಎಂಬ ಐದು ಪ್ರಶ್ನೆಗೆ ಉತ್ತರ ಕೊಡೋದು. ಉತ್ತರ ಸಿಕ್ಕ ಮೇಲೆ ಹೆಚ್ಚಿನ ಮನೆಗಳಿಗೆ ಬೇಕಾಗೋದು ಇಷ್ಟೇ: ಹೆಂಗಸರಿಗೆ ಒಂದು ಹಿಮೋಗ್ಲೋಬಿನ್ ಪರೀಕ್ಷೆ ಮತ್ತು ಪುಕ್ಕಟೆಯ ಕೆಂಪು ಗುಳಿಗೆ, ಹಿರಿಯರಿಗೆ ಒಂದು ಬಿ12 ಪರೀಕ್ಷೆ, ಎಲ್ಲರ ತಟ್ಟೆಗೂ ವಾಪಸ್ ಬಂದ ಒಂದು ಜೋಳದ ರೊಟ್ಟಿ. ಆಕೆ ಕೊನೆಗೆ ಉಣ್ಣುವ ಪದ್ಧತಿ ನಿಂತರೆ, ಆ ಗುಳಿಗೆಯೂ ಎಷ್ಟೋ ಮಂದಿಗೆ ಬೇಕಾಗೋದಿಲ್ಲ.