ಎದುರು ಕುಳಿತವರ ಕಲಿಕೆ

1971ರಲ್ಲಿ ಕೆನಡಾದ ಟೊರಾಂಟೋ ನಗರದ ಅಂಗವಿಕಲ ಮಕ್ಕಳ ಕೇಂದ್ರವೊಂದರಲ್ಲಿ, ಸೆರೆಬ್ರಲ್ ಪಾಲ್ಸಿಯ ಕಾರಣದಿಂದ ಮಾತು ಬಾರದ ಕೆಲವು ಮಕ್ಕಳಿದ್ದರು. ಇತರರು ಆಡಿದ್ದು ಅವರಿಗೆ ಅರ್ಥವಾಗುತ್ತಿತ್ತು. ನಾಲಿಗೆ ಮಾತ್ರ ಅಂಕೆಗೆ ಸಿಗುತ್ತಿರಲಿಲ್ಲ. ಚಿತ್ರಫಲಕ ತೋರಿಸಿ ಊಟ, ನೀರು ಕೇಳಬಹುದಿತ್ತೇ ಹೊರತು ಮನಸ್ಸಿನಲ್ಲಿರುವುದನ್ನು ಹೇಳಲು ಆಗುತ್ತಿರಲಿಲ್ಲ. ದಾರಿ ಹುಡುಕುತ್ತಿದ್ದ ಶಿಕ್ಷಕಿ ಶರ್ಲಿ ಮೆಕ್‌ನಾಟನ್ ಮತ್ತು ಅವರ ಸಂಗಡಿಗರಿಗೆ ಚಾರ್ಲ್ಸ್ ಬ್ಲಿಸ್ ಎಂಬುವರ ಸಂಕೇತಲಿಪಿ ದೊರೆಯಿತು.

ಬ್ಲಿಸ್ ನಾಜಿಗಳ ಬಂದಿಶಿಬಿರಗಳಿಂದ ಪಾರಾಗಿ ಬಂದ ಇಂಜಿನಿಯರ್. ಶಾಂಘೈಯಲ್ಲಿ ಕಂಡ ಚೀನೀ ಲಿಪಿಯಿಂದ ಪ್ರೇರಿತರಾಗಿ, ಭಾಷೆಗಳ ಗಡಿ ಮೀರುವ ಬರಹವೊಂದನ್ನು ರೂಪಿಸಿ 1949ರಲ್ಲಿ ಪ್ರಕಟಿಸಿದ್ದರು. ಲೋಕ ಅದನ್ನು ಗಮನಿಸಲಿಲ್ಲ. ಟೊರಾಂಟೋದ ಮಕ್ಕಳು ಎತ್ತಿಕೊಂಡರು. ಸಂಕೇತಗಳನ್ನು ಜೋಡಿಸಿ, ಫಲಕದಲ್ಲಿ ಇಲ್ಲದ ಅರ್ಥವನ್ನೂ ಅವರು ಹೊಮ್ಮಿಸಬಹುದಿತ್ತು. ಪ್ರತಿ ಸಂಕೇತದ ಜೊತೆಗೆ ಪದವನ್ನೂ ಮುದ್ರಿಸಿದ್ದರಿಂದ, ಓದು ಬಲ್ಲ ಯಾರೇ ಆಗಲಿ ಎದುರು ಕುಳಿತು ಮಾತನಾಡಬಹುದಿತ್ತು.

ಹಾಗಾದರೆ ದೊಡ್ಡವರು ಕಲಿಯಬೇಕಾದ್ದು ಏನೂ ಇರಲಿಲ್ಲವೇ? 1985ರಲ್ಲಿ ಜಾನಿಸ್ ಲೈಟ್ ಮತ್ತು ಸಹೋದ್ಯೋಗಿಗಳು ಇಂಥ ಎಂಟು ಮಕ್ಕಳು ಮನೆಯವರೊಡನೆ ನಡೆಸಿದ ಸಂಭಾಷಣೆಯನ್ನು ಪರಿಶೀಲಿಸಿ ಪ್ರಕಟಿಸಿದರು. ಮಾತಿನ ಬಹುಪಾಲು ದೊಡ್ಡವರದೇ ಆಗಿತ್ತು. ಮಕ್ಕಳು ತಮ್ಮ ಸರದಿಯನ್ನು ಹೆಚ್ಚಾಗಿ ಬಿಟ್ಟುಕೊಡುತ್ತಿದ್ದರು. ಅಕ್ಕರೆಗೆ ಕೊರತೆ ಇರಲಿಲ್ಲ. ಆದರೆ ಸಂಕೇತ ಹುಡುಕಿ ಬೆರಳು ತಲುಪುವಷ್ಟರಲ್ಲಿ ಅಕ್ಕರೆಯೇ ಉತ್ತರ ಊಹಿಸಿಬಿಡುತ್ತದೆ.

ಅಲ್ಲಿಂದ ಮುಂದೆ ತರಬೇತಿ ದೊಡ್ಡವರ ಕಡೆಗೂ ತಿರುಗಿತು. ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕಾಯುವುದು. 'ಹೌದು', 'ಅಲ್ಲ' ಎಂಬಲ್ಲಿಗೆ ಮುಗಿಯದ ಪ್ರಶ್ನೆ ಕೇಳುವುದು. ತಾವೂ ಮಾತನಾಡುತ್ತ ಫಲಕದ ಸಂಕೇತಗಳನ್ನು ಮುಟ್ಟಿ ತೋರಿಸುವುದು. ಹೊರನಾಡಿನಲ್ಲಿರುವ ನಮಗೆ ಈ ಕೊನೆಯದು ಬೇಗ ತಿಳಿದೀತು. ಮರಾಠಿಯನ್ನೋ ತಮಿಳನ್ನೋ ಯಾರೂ ಆಡುವುದನ್ನು ಕೇಳದೆ ಕಲಿತವರು ನಮ್ಮಲ್ಲಿ ಯಾರಿದ್ದಾರೆ? ಸಂಕೇತದಲ್ಲಿ ಮಾತನಾಡುವವರನ್ನೇ ಕಾಣದ ಮಗುವಿನಿಂದ ನಾವು ಅದನ್ನೇ ನಿರೀಕ್ಷಿಸುತ್ತಿದ್ದೆವು.

ನೆರವು ಎಲ್ಲಿ ನಿಲ್ಲಬೇಕೆಂಬುದನ್ನು ಕಲಿಸಿದ್ದು ಇನ್ನೊಂದು ಕಹಿ ಅಧ್ಯಾಯ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ, ಮಾತು ಬಾರದವರ ಕೈ ಹಿಡಿದು ಬೆರಳಚ್ಚು ಮಾಡಿಸುವ ವಿಧಾನವೊಂದು ಬಹಳ ಬೇಗ ಹರಡಿತು. 1993ರಲ್ಲಿ ಪ್ರಕಟವಾದ ನ್ಯೂಯಾರ್ಕ್ ರಾಜ್ಯದ ಅಧ್ಯಯನವೊಂದರಲ್ಲಿ ಹನ್ನೆರಡು ಮಂದಿಗೆ ಚಿತ್ರಗಳನ್ನು ತೋರಿಸಿ, ಕೆಲವೊಮ್ಮೆ ಸಹಾಯಕರಿಗೆ ಬೇರೆಯದನ್ನೇ ತೋರಿಸಲಾಯಿತು. ಆಗ ಮೂಡಿದ್ದು ಸಹಾಯಕರು ಕಂಡ ಚಿತ್ರದ ಹೆಸರು. ಅವರು ಮೋಸಗಾರರಾಗಿರಲಿಲ್ಲ, ಬರೆಯುತ್ತಿದ್ದುದು ತಾವೇ ಎಂಬ ಅರಿವೇ ಅವರಿಗಿರಲಿಲ್ಲ. ಕಾಯಲಾರದ ಅಕ್ಕರೆ ಕೊನೆಗೆ ತಲುಪುವ ಜಾಗ ಅದು.

ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 'ಸಂವಹನ'ದ ವ್ಯಾಖ್ಯೆಯಲ್ಲಿ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ. ಫಲಕಗಳು, ಟ್ಯಾಬ್ಲೆಟ್ಟುಗಳು ಈಗ ನಮ್ಮ ನಗರಗಳಲ್ಲೂ ಸಿಗುತ್ತವೆ. ಅವುಗಳನ್ನು ಕೊಡುವಾಗ ಬಳಸುವವರಿಗೆ ಪಾಠ ಹೇಳುತ್ತೇವೆ. ತಾಯಿತಂದೆ, ಶಿಕ್ಷಕರು, ಕಚೇರಿಯ ಕಿಟಕಿಯಾಚೆ ಕುಳಿತ ನಮ್ಮಂಥ ನೌಕರರು, ಇವರಿಗೂ ಅದೇ ದಿನ ಪಾಠ ಶುರುವಾಗಬೇಕು.