ತೂಕ ಇಳಿಸಬೇಕಾದ ನಾಯಿಗೆ ಮನೆಯ ತಿನಿಸು

ಲ್ಯಾಬ್ರಡಾರ್ ಎಷ್ಟು ತಿಂದರೂ ಮತ್ತೆ ಅಡುಗೆಮನೆ ಬಾಗಿಲಲ್ಲೇ ನಿಲ್ಲುವುದಕ್ಕೆ ಕೆಲವೊಮ್ಮೆ ವಂಶವಾಹಿಯೇ ಕಾರಣ. ಹಸಿವನ್ನು ಹಿಡಿತದಲ್ಲಿಡುವ ಪಿಒಎಂಸಿ ಎಂಬ ಜೀನ್‌ನ ಒಂದು ತುಣುಕು ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಇಲ್ಲ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಆ ನಾಯಿಗೆ ನಿಜಕ್ಕೂ ಹಸಿವು. ಅದರ ಕೈತಿಂಡಿಯನ್ನು ಪೂರ್ತಿ ನಿಲ್ಲಿಸುವುದು ನಿರ್ದಯೆ, ಬದಲಿಸಿದರೆ ಸಾಕು.

ತೂಕ ಮತ್ತು ಆಯುಸ್ಸು

48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಶೇ. 25ರಷ್ಟು ಕಡಿಮೆ ಆಹಾರ ಕೊಟ್ಟು ಜೀವನಪೂರ್ತಿ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ತೆಳ್ಳಗಿದ್ದ ಗುಂಪಿನ ಮಧ್ಯಮ ಆಯುಸ್ಸು 13 ವರ್ಷ, ಇನ್ನೊಂದರದು 11.2. ಕೀಲುನೋವೂ ತೆಳ್ಳಗಿನವಕ್ಕೆ ತಡವಾಗಿ ಬಂತು. ಸಾಕಿದವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ತೂಕ ಸರಿಯಿದೆಯೇ ಎಂಬುದನ್ನು ಕೈಯಿಂದಲೇ ನೋಡಬಹುದು. ಪಕ್ಕೆ ಸವರಿದಾಗ ಎಲುಬು ಸುಲಭವಾಗಿ ಸಿಗಬೇಕು, ಮೇಲಿನಿಂದ ನೋಡಿದರೆ ಸೊಂಟ ಕಾಣಬೇಕು. ಮುಧೋಳದಂಥ ಬೇಟೆನಾಯಿಗಳಲ್ಲಿ ಕೊನೆಯ ಕೆಲವು ಪಕ್ಕೆಲುಬು ಕಣ್ಣಿಗೂ ಕಾಣುತ್ತವೆ. ಅದು ಸಹಜ, ಬಡಕಲೆಂದು ಮರುಗಿ ತುಂಬಿಸಬಾರದು. ತಿನ್ನುವುದು ಕಡಿಮೆಯಿದ್ದೂ ದಪ್ಪಗಾಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಎಷ್ಟು ಕೊಡಬಹುದು?

ದಿನದ ಕ್ಯಾಲೊರಿಯಲ್ಲಿ ಕೈತಿಂಡಿಯ ಪಾಲು ಶೇ. 10 ಮೀರಬಾರದು. 10 ಕಿಲೋ ಇರಬೇಕಾದ ನಾಯಿಗೆ ತೂಕ ಇಳಿಸುವಾಗ ದಿನಕ್ಕೆ ಸುಮಾರು 400 ಕ್ಯಾಲೊರಿ ಸಾಕು. ಹಾಗಾದರೆ ಕೈತಿಂಡಿಗೆ ಸಿಗುವುದು 40. ನಾವು ಚಹಾದ ಜೊತೆ ಎಸೆಯುವ ಒಂದೆರಡು ಗ್ಲೂಕೋಸ್ ಬಿಸ್ಕತ್ತಿಗೇ ಅದು ಮುಗಿಯಿತು. ಅದೇ 40 ಕ್ಯಾಲೊರಿಗೆ ಕಾಲು ಕಿಲೋ ಸೌತೆಕಾಯಿ ಬರುತ್ತದೆ! ಕೊಟ್ಟಷ್ಟನ್ನು ಊಟದ ತಟ್ಟೆಯಿಂದ ಕಳೆಯಲೇಬೇಕು. ವಾರಕ್ಕೆ ದೇಹತೂಕದ ಶೇ. 1ರಿಂದ 2 ಇಳಿದರೆ ಸಾಕು, ಅವಸರ ಬೇಡ.

ಅಡುಗೆಮನೆಯಿಂದ

ಸೌತೆಕಾಯಿ, ಕ್ಯಾರೆಟ್, ಬೇಯಿಸಿದ ಬೀನ್ಸ್, ಬೀಜ ತೆಗೆದ ಕಲ್ಲಂಗಡಿ ಮತ್ತು ಸೇಬು ಒಳ್ಳೆಯವು. ಹುಳಿಗೆ ತರಕಾರಿ ಹೆಚ್ಚುವಾಗಲೇ ನಾಯಿಯ ಪಾಲು ತೆಗೆದಿಡಿ. ಉಪ್ಪು, ಖಾರ, ಒಗ್ಗರಣೆ ಬಿದ್ದ ಮೇಲೆ ಅದು ನಾಯಿಗಲ್ಲ. ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಯೆದೆಯನ್ನು ಎಳೆಎಳೆಯಾಗಿ ಬಿಡಿಸಿಟ್ಟುಕೊಂಡರೆ ತರಬೇತಿಯ ಹೊತ್ತಿಗೆ ಒಂದೊಂದು ಎಳೆ ಸಾಕು.

ಗರಿಗರಿ ಬೇಕೆನ್ನುವ ನಾಯಿಗೆ ರಾಗಿ ಬಿಲ್ಲೆ. 100 ಗ್ರಾಂ ರಾಗಿ ಹಿಟ್ಟಿಗೆ ಒಂದು ಮೊಟ್ಟೆ ಒಡೆದು ಹಾಕಿ, ಬೇಯಿಸಿ ಕಿವುಚಿದ ಸಿಹಿಗುಂಬಳವನ್ನು ಹಿಟ್ಟು ಕೂಡಿಬರುವಷ್ಟು ಸೇರಿಸಿ ಗಟ್ಟಿಯಾಗಿ ನಾದಿ. ಉಪ್ಪು, ಬೆಲ್ಲ, ಎಣ್ಣೆ ಏನೂ ಬೇಡ. ತೆಳ್ಳಗೆ ಲಟ್ಟಿಸಿ ಉಗುರಗಲದ 80 ತುಂಡು ಮಾಡಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಗರಿಗರಿಯಾಗುವವರೆಗೆ ಸುಡಿ. ಒಂದು ಬಿಲ್ಲೆಗೆ ಸುಮಾರು 5 ಕ್ಯಾಲೊರಿ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇಡಬಹುದು. ದೊಡ್ಡ ಬಿಲ್ಲೆ ಮಾಡುವ ಆಸೆ ಬಿಡಿ: ನಾಯಿಗೆ ಖುಷಿ ಕೊಡುವುದು ಎಷ್ಟು ಸಲ ಸಿಕ್ಕಿತೆಂಬುದು, ತುಂಡಿನ ಗಾತ್ರವಲ್ಲ.

ಕೊಡಲೇಬಾರದವು

ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ಚಾಕೊಲೇಟ್ ವಿಷ, ಕೆಲವು ಸಕ್ಕರೆರಹಿತ ತಿಂಡಿಗಳಲ್ಲಿರುವ ಜೈಲಿಟಾಲ್ ಅದಕ್ಕಿಂತ ಬೇಗ ಅಪಾಯ ತರುತ್ತದೆ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು, ಎಷ್ಟು ತಿಂದರೆ ಸುರಕ್ಷಿತ ಎಂಬ ಲೆಕ್ಕವಿಲ್ಲ. ಹಬ್ಬದ ದಿನ ಪಾಯಸ, ಕೇಸರಿಬಾತಿನ ಜೊತೆ ಒಣದ್ರಾಕ್ಷಿ ಹೊಟ್ಟೆಗೆ ಹೋದದ್ದು ಗೊತ್ತಾದರೆ ವಾಂತಿಯಾಗುವವರೆಗೆ ಕಾಯದೆ ಆಗಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.